ಗಿಡಗಳ ನಿದ್ದೆ ಕಾಯುವ ಜೋಗುಳಮ್ಮ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಪುರಸಭೆಯ ನರ್ಸರಿಯ ಹಿಂಬದಿಯಲ್ಲಿ, ನೆಲಮಾಳಿಗೆಯ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟುಕೊಂಡು ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದಾರೆ. ಮೈಮೇಲೆ ಗಂಡನ ಹಳೆಯ ಡ್ರೈವರ್ ಕೋಟು, ತಲೆಗೆ ಕಿವಿ ಮುಚ್ಚುವ ಉಣ್ಣೆ ಟೋಪಿ. ಊರೆಲ್ಲ ಚಳಿ ಒಳಗೆ ಬರಬಾರದೆಂದು ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಮಲಗಿರುವ ಹೊತ್ತಿನಲ್ಲಿ ಇವರೊಬ್ಬರು ಚಳಿಯನ್ನು ಕರೆದು ಒಳಗೆ ಕೂರಿಸುತ್ತಿದ್ದಾರೆ. ಗೋಡೆಯ ಮೊಳೆಗೆ ನೇತುಹಾಕಿದ ಥರ್ಮಾಮೀಟರಿನ ಮೇಲೆ ಟಾರ್ಚು ಬಿಡುತ್ತಾರೆ. ಐದು ಡಿಗ್ರಿ. ಬಿಸಿಲು ಹುಟ್ಟುವುದರೊಳಗೆ ಅದು ಮೂರಕ್ಕಿಳಿಯಬೇಕು.

ಒಳಗೆ ಸಾವಿರದ ಮುನ್ನೂರಕ್ಕೂ ಹೆಚ್ಚು ಗಿಡಗಳು ಮಲಗಿವೆ. ಗಿಡವೆಂದರೆ ನೋಡುವವರ ಕಣ್ಣಿಗೆ ಬರೀ ಕಡ್ಡಿ. ಎಲೆಯಿಲ್ಲ, ಬೇರಿಗೆ ಮಣ್ಣಿಲ್ಲ. ಇಪ್ಪತ್ತೈದಕ್ಕೊಂದು ಕಟ್ಟು ಕಟ್ಟಿ, ಬೇರಿನ ಕಡೆಯನ್ನು ಒದ್ದೆ ಮರದ ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿಚೀಲ ಹೊದಿಸಿದ್ದಾರೆ. ಮೀನು ಮಾರುಕಟ್ಟೆಯಿಂದ ದಿನಕ್ಕೆ ಎರಡು ಬುಟ್ಟಿ ಐಸಿನ ಚೂರು ಬರುತ್ತದೆ, ಅದನ್ನು ಗೋಡೆಯುದ್ದಕ್ಕೂ ಸುರಿಯುತ್ತಾರೆ. ಮೂಡಲಲ್ಲಿ ಬೆಳಕು ಹರಿದ ಕೂಡಲೇ ಬಾಗಿಲು ಹಾಕಿ, ಸಂದಿಗೆ ಒದ್ದೆ ಗೋಣಿ ಒತ್ತಿ, ಅಂಗೈಯಿಂದ ತಟ್ಟಿ ನೋಡಿ ಎದ್ದೇಳುತ್ತಾರೆ. ನರ್ಸರಿಯ ಟ್ರ್ಯಾಕ್ಟರ್ ಡ್ರೈವರು ಈ ತಟ್ಟುವುದನ್ನು ಒಂದು ದಿನ ನೋಡಿಬಿಟ್ಟ. ಅವತ್ತಿನಿಂದ ಇವರ ಹೆಸರು ಜೋಗುಳಮ್ಮ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಅದನ್ನು ಕರೆದರೆ ಈಗ ಅವರೇ ತಿರುಗಿ ನೋಡುವುದಿಲ್ಲ.

"ಮಕ್ಕಳು ಮಲಗಿದ್ರೆ ಸದ್ದು ಮಾಡಬೇಡಿ ಅಂತೀವಿ. ಇವಕ್ಕೆ ಎಷ್ಟು ಸದ್ದಾದ್ರೂ ಚಿಂತೆಯಿಲ್ಲ. ಬೆಚ್ಚಗಾಗಬಾರದು ಅಷ್ಟೆ. ಬೆಚ್ಚಗಾಯ್ತೋ, ಎದ್ದು ಕೂತ್ಕೊಳ್ತವೆ" ಎನ್ನುತ್ತಾರೆ ಅವರು.

ಎದ್ದು ಕೂತರೆ ತೊಂದರೆ ಏನೆಂದು ಕೇಳಿದರೆ, ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಗೀಚಿ ತೋರಿಸುತ್ತಾರೆ. ಚಳಿಗಾಲದಲ್ಲಿ ಎಲೆ ಉದುರಿಸುವ ಜಾತಿಯ ಮರ ನಿದ್ದೆ ಹೋಗಿರುತ್ತದೆ. ಆಗ ಅದನ್ನು ಕಿತ್ತು ಬೇರೆ ಕಡೆ ಇಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ವಸಂತದಲ್ಲಿ ಕಣ್ಣು ಬಿಟ್ಟಾಗ ಹೊಸ ಜಾಗವೇ ತನ್ನ ಮನೆ ಎಂದುಕೊಳ್ಳುತ್ತದೆ. ಒಮ್ಮೆ ಮೊಗ್ಗು ಒಡೆದು ಎಲೆ ಬಿಟ್ಟ ಮೇಲೆ ಕಿತ್ತರೆ ಮುಗಿಯಿತು. ಮೇಲೆ ಎಲೆ ನೀರು ಕೇಳುತ್ತದೆ, ಕೆಳಗೆ ಬೇರು ಕೊಡಲಾರದು. ಹಾಗಾಗಿ ನೆಡುವುದಕ್ಕೆ ಸರಿಯಾದ ಹೊತ್ತು ವರ್ಷಕ್ಕೆ ಒಂದೇ: ಮೊಗ್ಗು ಉಬ್ಬಿರಬೇಕು, ಒಡೆದಿರಬಾರದು. ಈ ಊರಲ್ಲಿ ಆ ಹೊತ್ತು ಮಾರ್ಚಿಯ ಕೊನೆಗೋ ಏಪ್ರಿಲ್ಲಿನ ಮೊದಲ ವಾರಕ್ಕೋ ಬರುತ್ತದೆ. ಈಚೆಗೆ ಇನ್ನೂ ಮುಂಚೆ. ಈ ವರ್ಷ ಬಂದದ್ದು ಮಾರ್ಚ್ ಹತ್ತೊಂಬತ್ತಕ್ಕೆ.

ಊರಿನ ಗಿಡ ನೆಡುವ ಹಬ್ಬ ಇರುವುದು ಏಪ್ರಿಲ್ ಇಪ್ಪತ್ತಾರಕ್ಕೆ. ನಡುವೆ ಮೂವತ್ತೆಂಟು ದಿನ. ಈ ಮೂವತ್ತೆಂಟು ದಿನ ಗಿಡಗಳಿಗೆ ಇನ್ನೂ ಚಳಿಗಾಲವೇ ಎಂದು ಸುಳ್ಳು ಹೇಳಿ ಮಲಗಿಸಿಡುವುದೇ ಜೋಗುಳಮ್ಮನ ಕೆಲಸ. ಯಾರೂ ಒಪ್ಪಿಸಿದ ಕೆಲಸವಲ್ಲ. ಯಾಕೆ ತಲೆಗೆ ಕಟ್ಟಿಕೊಂಡರು ಎಂಬುದನ್ನು ಇಪ್ಪತ್ತೆಂಟು ವರ್ಷ ಗಂಡನೊಬ್ಬನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ವಸಂತದಲ್ಲಿ ಗಿಡಕ್ಕೊಂದು ದಿನ, ಭೂಮಿಗೊಂದು ದಿನ ಎಂದು ಮಾಡಿಕೊಂಡಿರುವುದು ಈ ಊರೊಂದೇ ಅಲ್ಲ. ನೂರೈವತ್ತು ವರ್ಷಗಳ ಹಿಂದೆ, ಕಣ್ಣು ಹಾಯಿಸಿದಷ್ಟು ದೂರ ಮರವೇ ಇಲ್ಲದ ಒಂದು ಬಯಲಿಗೆ ವಲಸೆ ಬಂದವರು ಗಾಳಿಗೆ ಅಡ್ಡ ಬೇಕು, ನೆರಳು ಬೇಕು ಎಂದು ಇಂಥದೊಂದು ದಿನ ಗೊತ್ತುಮಾಡಿದರು. ಅಲ್ಲಿಂದ ಅದು ನಾನಾ ಕಡೆ ಹಬ್ಬಿತು. ಆಯಾ ಸೀಮೆಯವರು ತಂತಮ್ಮ ಹವೆ ನೋಡಿ ಬೇರೆ ಬೇರೆ ದಿನ ಇಟ್ಟುಕೊಂಡರು. ಐವತ್ತು ಚಿಲ್ಲರೆ ವರ್ಷಗಳ ಹಿಂದೆ ಶುರುವಾದ ಭೂಮಿಯ ದಿನದ ಕತೆಯೇ ಬೇರೆ. ಕಾಲೇಜು ಹುಡುಗರಿಗೆ ರಜೆ ಮುಗಿದು, ಪರೀಕ್ಷೆ ಇನ್ನೂ ಶುರುವಾಗದ ದಿನ ಯಾವುದೆಂದು ನೋಡಿ ಅದನ್ನು ಗೊತ್ತುಮಾಡಿದರಂತೆ. ಅದರಲ್ಲಿ ತಪ್ಪೇನೂ ಇಲ್ಲ, ಮೆರವಣಿಗೆಗೆ ಜನ ಬೇಕು. ನೆಡುವ ಗಿಡಕ್ಕೆ ಮಾತ್ರ ಪರೀಕ್ಷೆಯ ವೇಳಾಪಟ್ಟಿ ತಿಳಿಯುವುದಿಲ್ಲ.

ಈ ಊರಿನ ದಿನವನ್ನು ಶುರುಮಾಡಿದವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ನಲವತ್ತೊಂಬತ್ತು ವರ್ಷಗಳ ಹಿಂದೆ ಶಾಲೆಯ ಮುಂದಿನ ರಸ್ತೆ ಅಗಲ ಮಾಡುವಾಗ ಒಂದೇ ವಾರದಲ್ಲಿ ಅರವತ್ತು ಮರ ಉರುಳಿದವು. ಮರದ ಚಿತ್ರ ಬರೆಯಿರಿ ಎಂದರೆ ಮಕ್ಕಳು ಪುಸ್ತಕ ನೋಡಿ ಬರೆಯುವ ಹಾಗಾಯಿತಲ್ಲ ಎಂದು ಮೇಷ್ಟ್ರಿಗೆ ಸಂಕಟವಾಯಿತು. ಶಾಲೆಯ ಕೊಳಾಯಿಯ ಪಕ್ಕ ಒಂದು ಪಾಪ್ಲರ್ ಮರ ಉಳಿದಿತ್ತು. ಅದರ ಮೊಗ್ಗು ಉಬ್ಬಿ, ಅಂಟು ಒಸರಿ, ಬಿಸಿಲಿಗೆ ಮಿನುಗಿದ ದಿನ ಶಾಲೆಯ ಗಂಟೆ ಹೊಡೆಯುವುದು, ಪಾಠ ಬಿಟ್ಟು ಎಲ್ಲರೂ ಗುದ್ದಲಿ ಹಿಡಿದು ಹೊರಡುವುದು ಎಂದು ಅವರು ನಿಯಮ ಮಾಡಿದರು. ತಾರೀಕು ಅಂತ ಇರಲಿಲ್ಲ. ಮಕ್ಕಳು ಅದನ್ನು ಮೊಗ್ಗಿನ ರಜೆ ಎಂದು ಕರೆದರು. ಪ್ರತಿ ತರಗತಿಯಿಂದ ಒಬ್ಬರು ಸರದಿಯ ಮೇಲೆ ಬೆಳಿಗ್ಗೆ ಹೋಗಿ ಮೊಗ್ಗು ನೋಡಿ ಬರಬೇಕು. ಹನ್ನೊಂದನೆಯ ವಯಸ್ಸಿನಲ್ಲಿ ಆ ಸರದಿ ಜೋಗುಳಮ್ಮನಿಗೆ ಬಂತು. ಗಂಟೆ ಹೊಡೆಸುವ ಅಧಿಕಾರ ಸಿಕ್ಕಿದ್ದು ಬದುಕಿನಲ್ಲಿ ಅದೊಂದೇ ಸಲ ಎಂದು ಅವರು ಈಗಲೂ ನಗುತ್ತಾರೆ.

ಆಮೇಲೆ ಪುರಸಭೆಯವರು ಅದನ್ನು ಊರ ಹಬ್ಬ ಮಾಡಿದರು. ಜೋಗುಳಮ್ಮ ಇಪ್ಪತ್ತೊಂದನೆಯ ವಯಸ್ಸಿಗೆ ನರ್ಸರಿಗೆ ದಿನಗೂಲಿಯಾಗಿ ಸೇರಿದರು. ಮೇಷ್ಟ್ರು ಇರುವತನಕ ಮಾರ್ಚಿ ಬಂತೆಂದರೆ ಸೈಕಲ್ ಏರಿ ನರ್ಸರಿಗೆ ಬರುವರು, ಇಬ್ಬರೂ ಮೊಗ್ಗು ಮುಟ್ಟಿ ನೋಡಿ ದಿನ ನಿಶ್ಚಯಿಸುವರು. ನೆಟ್ಟ ನೂರರಲ್ಲಿ ಎಂಬತ್ತು ಗಿಡ ಬದುಕುತ್ತಿದ್ದವು. ಇಪ್ಪತ್ತೆಂಟು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಆ ವರ್ಷ ಚಳಿಯೂ ಹಟ ಹಿಡಿದು ಕೂತಿತು. ಏಪ್ರಿಲ್ ಅರ್ಧ ಕಳೆದರೂ ನೆಲ ಕಲ್ಲಿನ ಹಾಗಿತ್ತು, ಮೊಗ್ಗು ಅಲುಗಲಿಲ್ಲ. ಅಂತೂ ಇಂತೂ ಉಬ್ಬಿದ್ದು ಇಪ್ಪತ್ತೈದಕ್ಕೆ. ಮಾರನೆಯ ದಿನ ನೆಡುವುದೆಂದು ಜೋಗುಳಮ್ಮ ಒಬ್ಬರೇ ನಿರ್ಧರಿಸಿದರು. ಆ ಹೊತ್ತಿಗೇ ಆಫೀಸಿನ ಗುಮಾಸ್ತನ ಫೋನು ಬಂತು.

"ಗಿಡ ನೆಡೋದು ಯಾವತ್ತು ಅಂತ ಕೇಳ್ದ. ನಾನು ಈ ವರ್ಷದ್ದು ಕೇಳ್ತಿದಾನೆ ಅಂದ್ಕೊಂಡೆ, ಏಪ್ರಿಲ್ ಇಪ್ಪತ್ತಾರು ಅಂದೆ. ಅವನು ಮುಂದಿನ ವರ್ಷದ ಕ್ಯಾಲೆಂಡರ್ ಅಚ್ಚಿಗೆ ಕಳಿಸ್ತಿದ್ದ. ಎಲ್ಲ ವರ್ಷಕ್ಕೂ ಅದೇ ಅಂತ ಬರ್ಕೊಂಡ. ನೆಡೋದು ಅನ್ನೋ ಮಾತೇ ಹಾಗಲ್ವಾ, ಈ ಸಲ ನೆಡೋದೂ ನೆಡೋದೇ, ಯಾವಾಗ್ಲೂ ನೆಡೋದೂ ನೆಡೋದೇ. ಅವನದ್ದೂ ತಪ್ಪಿಲ್ಲ. ಈ ವರ್ಷ ಅಂತ ಒಂದು ಮಾತು ನಾನು ಸೇರಿಸಬೇಕಿತ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ಜೋಗುಳಮ್ಮನ ಎದೆಗೆ ಚುಚ್ಚಿರುವುದು ಆಡಿದ ಮಾತಲ್ಲ, ಆಡದೆ ಉಳಿದದ್ದು. ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಬಂದಾಗ ಇಪ್ಪತ್ತಾರು ಕೆಂಪಕ್ಷರದಲ್ಲಿ ಕೂತಿತ್ತು. ನೋಡಿದ ಕೂಡಲೇ ಏನಾಗಿದೆಯೆಂದು ಅವರಿಗೆ ಗೊತ್ತಾಯಿತು. ಒಂದು ಫೋನ್ ಸಾಕಿತ್ತು. ಆದರೆ ಒಂಬತ್ತು ವರ್ಷದ ದಿನಗೂಲಿ ಆಗತಾನೇ ಕಾಯಂ ಆಗುವ ಪಟ್ಟಿಯಲ್ಲಿತ್ತು. ಅಚ್ಚಾದ ಕ್ಯಾಲೆಂಡರಿಗೆ ಯಾರು ಹೊಣೆ ಎಂದು ಹುಡುಕಿದರೆ ತನ್ನ ಬುಡಕ್ಕೇ ಬರುತ್ತದೆಂದು ಹೆದರಿಕೆ. ಬಸ್ ಡ್ರೈವರಾಗಿದ್ದ ಗಂಡ, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು, ಸುಮ್ಮನಿರು, ಬರುವ ವರ್ಷ ಅವರೇ ಕೇಳುತ್ತಾರೆ, ಆಗ ಸರಿಮಾಡು ಎಂದ. ಬರುವ ವರ್ಷ ಯಾರೂ ಕೇಳಲಿಲ್ಲ. ಅದರ ಮುಂದಿನ ವರ್ಷ ಪಾರ್ಕಿನ ಗೇಟಿನ ಮೇಲೆ ತಾರೀಕನ್ನು ಕಬ್ಬಿಣದ ಅಕ್ಷರದಲ್ಲಿ ಬೆಸೆದರು. ಆಮೇಲೆ ಯಾರೋ ಮಕ್ಕಳಿಗೊಂದು ಹಾಡು ಕಟ್ಟಿದರು, ಇಪ್ಪತ್ತಾರು ಅದರ ಪ್ರಾಸಕ್ಕೆ ಸರಿಯಾಗಿ ಕೂತುಬಿಟ್ಟಿತು. ಪ್ರಾಸಕ್ಕೆ ಸಿಕ್ಕಿಕೊಂಡ ತಪ್ಪನ್ನು ಬಿಡಿಸುವವರು ಯಾರು?

ತಾರೀಕು ಗಟ್ಟಿಯಾದ ಮೊದಲ ವರ್ಷ ಎಲೆ ಬಿಟ್ಟ ಗಿಡಗಳನ್ನೇ ಕಿತ್ತು ನೆಟ್ಟರು. ಮೇಷ್ಟ್ರ ಹೆಂಡತಿ ಎಂದಿನಂತೆ ಬಂದಿದ್ದರು. ಆಗಲೇ ಬಾಡತೊಡಗಿದ್ದ ಒಂದು ಎಲೆಯನ್ನು ಬೆರಳಲ್ಲಿ ಎತ್ತಿ ಹಿಡಿದು, "ಈ ಸಲ ಮೊಗ್ಗು ನೋಡೋಕೆ ಯಾರನ್ನೂ ಕಳಿಸಲಿಲ್ವೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. ಆಫೀಸಿನವರು ದಿನ ಹಾಕಿಬಿಟ್ಟರು ಎಂದು ಜೋಗುಳಮ್ಮ ಉತ್ತರ ಕೊಟ್ಟರು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಆ ಅಮ್ಮ ಮತ್ತೆ ಯಾವ ವರ್ಷವೂ ಹಬ್ಬಕ್ಕೆ ಬರಲಿಲ್ಲ. ಹೋಗಿ ನಿಜ ಹೇಳಿಬಿಡಬೇಕು ಎಂದು ಜೋಗುಳಮ್ಮ ಅವರ ಓಣಿಯ ತನಕ ಎಷ್ಟೋ ಸಲ ಹೋಗಿ, ಮೂಲೆಯ ಬ್ರೆಡ್ ಅಂಗಡಿಯಲ್ಲಿ ಬ್ರೆಡ್ ಕೊಂಡು ವಾಪಸ್ಸಾಗಿದ್ದಾರೆ. ಎರಡು ಚಳಿಗಾಲದ ಹಿಂದೆ ಆ ಅಮ್ಮನೂ ತೀರಿಕೊಂಡರು. ಈಗ ಹೇಳೋಣವೆಂದರೆ ಕೇಳುವ ಕಿವಿಯೇ ಇಲ್ಲ ಎಂದು ಹೇಳುವಾಗ ಜೋಗುಳಮ್ಮ ಟೋಪಿ ತೆಗೆದು ಮೊಣಕಾಲಿನ ಮೇಲೆ ಮಡಚುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಚುತ್ತಾರೆ.

ತಾರೀಕು ಗಟ್ಟಿಯಾದ ಆ ಮೊದಲ ವರ್ಷ ನೆಟ್ಟ ಒಂಬೈನೂರರಲ್ಲಿ ಅಕ್ಟೋಬರಿಗೆ ಉಳಿದದ್ದು ತೊಂಬತ್ತೇಳು. ಊರೆಲ್ಲ ತಿರುಗಿ ಒಂದೊಂದನ್ನೂ ಉಗುರಿನಿಂದ ಗೀರಿ, ಸಿಪ್ಪೆಯಡಿ ಹಸಿರಿದೆಯೇ ನೋಡಿ ಎಣಿಸಿದವರು ಜೋಗುಳಮ್ಮ ಒಬ್ಬರೇ. ಉಳಿದವರಿಗೆ ನೆಟ್ಟ ಲೆಕ್ಕ ಸಾಕು, ಬದುಕಿದ ಲೆಕ್ಕ ಯಾರಿಗೂ ಬೇಡ. ಮುಂದಿನ ಚಳಿಗಾಲದಲ್ಲೇ ಅವರು ಹಳೆಯ ಹಾಲಿನ ಡೇರಿಯ ಈ ಪಾಳು ನೆಲಮಾಳಿಗೆಯನ್ನು ಗುಡಿಸಿ, ಗಿಡಗಳನ್ನು ನಿದ್ದೆಯಲ್ಲಿರುವಾಗಲೇ ಕಿತ್ತು ತಂದು ಮಲಗಿಸಲು ಶುರುಮಾಡಿದರು. ಹೇಳಿಕೊಟ್ಟವರಿಲ್ಲ. ಮೊದಲ ಸಲ ಹೊಟ್ಟು ತೀರಾ ಒದ್ದೆಯಾಗಿ ಬೇರು ಕೊಳೆಯಿತು, ಎರಡನೆಯ ಸಲ ಒಣಗಿತು. ಮೂರನೆಯ ವರ್ಷ ಹದ ಸಿಕ್ಕಿತು. ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೂರಕ್ಕೆ ಐವತ್ತೆಂಟು ಗಿಡ ಬದುಕಿದವು. ಕುಂಡದಲ್ಲಿ ಬೆಳೆಸಿದರೆ ಈ ಪಾಡೇ ಇಲ್ಲವಲ್ಲ ಎಂದು ತಿಳಿದವರು ಕೇಳುತ್ತಾರೆ. ನಿಜ, ಆದರೆ ಈ ನರ್ಸರಿಯಲ್ಲಿ ನೂರು ಕುಂಡ ಇಡುವಷ್ಟೂ ಜಾಗವಿಲ್ಲ.

ಗಂಡ ಈಗ ನಿವೃತ್ತ. ಹೆತ್ತ ಮಗಳನ್ನೂ ಇವಳು ಇಷ್ಟು ಜತನವಾಗಿ ಮಲಗಿಸಲಿಲ್ಲ, ಅವಳನ್ನು ಮಲಗಿಸಿದ್ದು ನಾನು ಎಂದು ಬಂದವರ ಮುಂದೆಲ್ಲ ಹೇಳುತ್ತಾನೆ. ತಮಾಷೆಗೇ ಹೇಳುವುದು. ಆದರೆ ಮಗಳು ಚಿಕ್ಕವಳಿದ್ದಾಗಿನ ಮಾರ್ಚಿ, ಏಪ್ರಿಲ್‌ಗಳ ನೆನಪು ತನಗೆ ಅಷ್ಟಾಗಿ ಇಲ್ಲ ಎಂದು ಜೋಗುಳಮ್ಮ ಒಪ್ಪಿಕೊಳ್ಳುತ್ತಾರೆ. ಬೆಳಗಿನ ನಾಲ್ಕಕ್ಕೆ ಮನೆ ಬಿಟ್ಟರೆ ಮಗಳು ಶಾಲೆಗೆ ಹೋದ ಮೇಲೆ ಬರುವುದು. ಮಾಡಿದ ತಪ್ಪಿನ ಋಣ ಇನ್ನೊಬ್ಬರ ಪಾಲಿನ ಹೊತ್ತಿನಲ್ಲಿ ತೀರಿಸಿದ ಹಾಗಾಯಿತು.

ಅದೂ ಈಗ ಸಾಲದಾಗಿದೆ. ವಸಂತ ಮುಂದೆ ಮುಂದೆ ಬರುತ್ತಿದೆ, ಏಪ್ರಿಲ್ ಕೊನೆಗೆ ಬಿಸಿಲು ಸುಡುತ್ತದೆ. ನಿದ್ದೆಯಿಂದ ಎದ್ದ ಗಿಡಕ್ಕೆ ಬೇರೂರಲು ವ್ಯವಧಾನವಿಲ್ಲ. ಕಳೆದ ಮೂರು ವರ್ಷಗಳಲ್ಲಿ ಬದುಕಿದ್ದು ನೂರಕ್ಕೆ ನಲವತ್ತೊಂದು, ಮೂವತ್ತಾರು, ಮೂವತ್ತನಾಲ್ಕು. ಜೂನ್ ಕೊನೆಗೆ ಜೋಗುಳಮ್ಮನಿಗೆ ನಿವೃತ್ತಿ. ಅವರ ಜಾಗಕ್ಕೆ ಯಾರೂ ಬರುವುದಿಲ್ಲ. ನೆಲಮಾಳಿಗೆಯನ್ನು ಹಬ್ಬದ ಕುರ್ಚಿಗಳನ್ನು ಇಡುವ ಉಗ್ರಾಣ ಮಾಡುತ್ತಾರಂತೆ. ಮುಂದಿನ ವರ್ಷವೂ ಇಪ್ಪತ್ತಾರಕ್ಕೇ ಹಬ್ಬ ನಡೆದರೆ, ಎಲೆ ಬಿಟ್ಟ ಗಿಡಗಳನ್ನು ನೇರವಾಗಿ ಕಿತ್ತು ನೆಡುತ್ತಾರೆ. ಕುರ್ಚಿಗಳು ಮಾತ್ರ ತಣ್ಣಗಿರುತ್ತವೆ.

ಹಾಗಾಗಿ ಫೆಬ್ರವರಿಯಲ್ಲಿ ಹಬ್ಬದ ಸಮಿತಿಯ ಮುಂದೆ ಅವರು ಎದ್ದು ನಿಂತು ಎಲ್ಲವನ್ನೂ ಹೇಳಿದರು. ಫೋನು, ಕ್ಯಾಲೆಂಡರ್, ಹೆದರಿಕೆ, ಅಕ್ಟೋಬರಿನ ಎಣಿಕೆ. ಬೈಸಿಕೊಳ್ಳಲು ಸಿದ್ಧರಾಗಿ ಹೋಗಿದ್ದರು. ಯಾರೂ ಬೈಯಲಿಲ್ಲ. ಒಬ್ಬಿಬ್ಬರು ನಕ್ಕರು, ಒಳ್ಳೆ ಕತೆ ಎಂದರು. ಪುರಸಭೆಯ ತೋಟಗಾರಿಕೆ ವಿಭಾಗದ ಮುಖ್ಯಸ್ಥೆ ಬಂದು ಎರಡು ವರ್ಷವಾಗಿದೆ, ಕೆಟ್ಟವರಲ್ಲ. ಅಕ್ಕಾ, ತಾರೀಕು ಜನರ ಬಾಯಲ್ಲಿ ಕೂತಿದೆ, ಅತಿಥಿಗಳಿಗೆ ಪತ್ರವೂ ಹೋಗಿದೆ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ನೋಡಲು ತಾನಿರುವುದಿಲ್ಲ ಎಂದು ಜೋಗುಳಮ್ಮ ಹೇಳಲಿಲ್ಲ. ಇಷ್ಟು ವರ್ಷ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೋ ಅದು ಹತ್ತು ನಿಮಿಷದ ನಗುವಿನಲ್ಲಿ ಮುಗಿದುಹೋಯಿತು. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು ಎನ್ನುತ್ತಾರೆ.

ಮಾರ್ಚ್ ಹತ್ತೊಂಬತ್ತರ ಬೆಳಿಗ್ಗೆ ಕೊಳಾಯಿಯ ಪಕ್ಕದ ಪಾಪ್ಲರಿನ ಮೊಗ್ಗು ಮಿನುಗಿತು. ಹಬ್ಬಕ್ಕೆ ಮುಂಚೆ ಗಿಡ ಹೊರಗೆ ಹೋಗಕೂಡದು ಎಂದು ನರ್ಸರಿಯ ನಿಯಮ. ಮೂವತ್ತೇಳು ವರ್ಷ ಒಂದು ನಿಯಮವನ್ನೂ ಮೀರದ ಜೋಗುಳಮ್ಮ ಅವತ್ತು ಒಂದು ಕಟ್ಟನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಬಿದ್ದರು. ದಾಸ್ತಾನು ಪುಸ್ತಕದಲ್ಲಿ, 'ಒಂದು ಕಟ್ಟು ತಾನೇ ಎದ್ದಿತು, ಹೊರಗೆ ಕಳಿಸಿದೆ' ಎಂದು ಬರೆದು ಸಹಿಯನ್ನೂ ಹಾಕಿದರು. ಹೋದ ವರ್ಷದ ಸತ್ತ ಕಡ್ಡಿಗಳು ಶಾಲೆಯ ಹಿಂದಿನ ರಸ್ತೆಯಲ್ಲಿ ಎಲ್ಲೆಲ್ಲಿ ನಿಂತಿವೆ ಎಂಬುದು ಅವರಿಗೆ ಕಣ್ಣು ಕಟ್ಟಿದರೂ ಗೊತ್ತು. ಅವನ್ನು ಕಿತ್ತ ಜಾಗದಲ್ಲೇ ಗಂಡ ಗುಂಡಿ ತೋಡಿದ, ಅವರು ನೆಟ್ಟು ಕಾಲಿನಿಂದ ಮಣ್ಣು ಒತ್ತಿದರು. ಇಪ್ಪತ್ತೈದು ಗಿಡ, ಎರಡೂವರೆ ಗಂಟೆ. ಕೈ ತೊಳೆದುಕೊಳ್ಳುವಾಗ ಅವರಿಗೆ ಒಂದು ಮಾತು ಹೊಳೆದು, ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

"ಇಷ್ಟು ಸುಲಭ ಇತ್ತು. ವರ್ಷಕ್ಕೆ ಒಂದು ಕಟ್ಟು ಸರಿಯಾದ ದಿನ ನೆಟ್ಟಿದ್ರೆ ಇಪ್ಪತ್ತಾರು ವರ್ಷಕ್ಕೆ ಆರುನೂರ ಐವತ್ತು. ಐನೂರಾದ್ರೂ ಬದುಕ್ತಿದ್ವು. ಈ ರಸ್ತೆ, ಆ ರಸ್ತೆ, ಎರಡೂ ತುಂಬಿ ಹೋಗ್ತಿತ್ತು. ಯಾರೋ ದಿನ ಬದಲಾಯಿಸ್ತಾರೆ ಅಂತ ಕಾಯ್ತಾ ಕೂತೆ. ಗುದ್ದಲಿ ನನ್ನ ಕೈಯಲ್ಲೇ ಇತ್ತು."

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಗಂಡ ರೇಗಿಸಲು ಹೊರಟವನು ಅವರ ಮುಖ ನೋಡಿ ಗುದ್ದಲಿಯ ಮಣ್ಣು ಕೆರೆಯತೊಡಗಿದ. ಸುಮ್ಮನಿರು ಎಂದು ಅವತ್ತು ಹೇಳಿದ್ದು ತಾನೇ ಎಂಬುದು ಅವನಿಗೂ ಮರೆತಿಲ್ಲ.

ಏಪ್ರಿಲ್ ಇಪ್ಪತ್ತಾರಕ್ಕೆ ಹಬ್ಬ ಎಂದಿನಂತೆ ನಡೆಯಿತು. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಮಕ್ಕಳು ಇಪ್ಪತ್ತಾರರ ಹಾಡು ಹಾಡಿದರು, ಅತಿಥಿಗಳು ಕೈಗವಸು ತೊಟ್ಟು ಒಂದೊಂದು ಕಡ್ಡಿ ನೆಟ್ಟರು. ಬೇರಿಗೆ ಗಾಳಿ ತಾಗಬಾರದೆಂದು ಜೋಗುಳಮ್ಮ ಒದ್ದೆ ಗೋಣಿಯೊಳಗಿಂದ ಒಂದೊಂದೇ ಗಿಡ ತೆಗೆದುಕೊಡುತ್ತ ಹಿಂದೆ ಹಿಂದೆ ನಡೆದರು. ಶಾಲೆಯ ಹಿಂದಿನ ರಸ್ತೆಗೆ ಬಂದಾಗ ಫೋಟೋದವನು ಎಲ್ಲರನ್ನೂ ತಡೆದ. ಅಲ್ಲಿ ಇಪ್ಪತ್ತೈದು ಗಿಡಗಳು ಹೆಬ್ಬೆರಳುದ್ದ ಎಲೆ ಬಿಟ್ಟು ನಿಂತಿದ್ದವು. ಹಿಂದುಗಡೆ ಸ್ವಲ್ಪ ಹಸಿರಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಅತಿಥಿಗಳನ್ನು ಅವುಗಳ ಮುಂದೆಯೇ ನಿಲ್ಲಿಸಿದ. ವಿಭಾಗದ ಮುಖ್ಯಸ್ಥೆ ಮಾತ್ರ ಚಿತ್ರಕ್ಕೆ ನಿಲ್ಲಲಿಲ್ಲ. ಬಗ್ಗಿ ಒಂದು ಎಲೆ ಮುಟ್ಟಿ ನೋಡಿದರು, ಪಕ್ಕದಲ್ಲಿ ಈಗತಾನೇ ನೆಟ್ಟ ಕಡ್ಡಿಯನ್ನು ನೋಡಿದರು, ಆಮೇಲೆ ಜೋಗುಳಮ್ಮನ ಕಡೆ ತಿರುಗಿ ಕೇಳಿದರು:

"ಅಕ್ಕಾ, ಇವು ನೆಟ್ಟಿದ್ದು ಯಾವತ್ತು?"

ನಿಯಮ ಮುರಿದದ್ದು ಎಲ್ಲರೆದುರು ಬಯಲಾಗುತ್ತಿತ್ತು, ನಿವೃತ್ತಿಗೆ ಇನ್ನು ಎರಡೇ ತಿಂಗಳು. ಆದರೂ ಜೋಗುಳಮ್ಮ ಹಿಂಜರಿಯಲಿಲ್ಲ. ಮಾರ್ಚ್ ಹತ್ತೊಂಬತ್ತು, ನೆಟ್ಟಿದ್ದು ನಾನೇ ಎಂದರು. ಮುಖ್ಯಸ್ಥೆ ಕೈಚೀಲದಿಂದ ಡೈರಿ ತೆಗೆದು ಏನೋ ಬರೆದುಕೊಂಡರು. ಏನು ಬರೆದರೋ ನೋಡೋಣವೆಂದು ಜೋಗುಳಮ್ಮ ಕತ್ತು ಚಾಚಿದರು. 'ಗಿಡ ನೆಡುವುದು: ಮಾರ್ಚ್ 19' ಎಂದಿತ್ತು.

ಜೋಗುಳಮ್ಮ ಗೋಣಿ ಕೆಳಗಿಟ್ಟು, ಹೊಟ್ಟು ಮೆತ್ತಿದ ಬೆರಳನ್ನು ಆ ಸಾಲಿನ ಮೊದಲಿಗೆ ಇಟ್ಟರು.

"ಇಲ್ಲಿ ಮುಂದೆ 'ಈ ವರ್ಷ' ಅಂತ ಬರ್ಕೊಳ್ಳಿ ಅಮ್ಮಾ. ನಾನು ನೋಡ್ತಿರ್ತೀನಿ, ಬರೀರಿ."